ಸಂದೇಶದ ದಾರಿಯೂ ಕವಲಿನ ನ್ಯಾಯವೂ

ಬಾನುಲಿಯಲ್ಲಿ ಮಾತನಾಡುವವನಿಗೆ ಒಂದು ಸೌಲಭ್ಯವುಂಟು. ತನ್ನ ಮಾತು ಯಾರಿಗೆ ತಲುಪಬೇಕೆಂದು ಅವನು ವಿಳಾಸ ಬರೆಯಬೇಕಾಗಿಲ್ಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪ್ರಸಾರಯಂತ್ರವನ್ನು ಸ್ಥಾಪಿಸಿ ‘ಆಕಾಶವಾಣಿ’ಯನ್ನು ಆರಂಭಿಸಿದಂದಿನಿಂದ ಇಂದಿನವರೆಗೂ ಈ ಮಾಧ್ಯಮದ ಧರ್ಮ ಬದಲಾಗಿಲ್ಲ: ಒಬ್ಬನು ಆಡುತ್ತಾನೆ, ಅಲೆಯು ಎಲ್ಲ ದಿಕ್ಕುಗಳಿಗೂ ಹರಡುತ್ತದೆ, ಪೆಟ್ಟಿಗೆಯ ಕಿವಿ ತಿರುವಿದವರಿಗೆಲ್ಲ ಅದೇ ಮಾತು ಕೇಳಿಸುತ್ತದೆ. ಕೇಳುವವರು ಹತ್ತು ಮಂದಿಯಾದರೂ ಹತ್ತು ಲಕ್ಷ ಮಂದಿಯಾದರೂ ಹೇಳುವವನಿಗೆ ಶ್ರಮ ಒಂದೇ. ಆದರೆ ಕೇಳಿದವನು ಮರುಮಾತು ಹೇಳಬೇಕೆಂದರೆ ಅದಕ್ಕೆ ಇಲ್ಲಿ ದಾರಿಯಿಲ್ಲ.

ಮದ್ದೂರಿನ ಪಕ್ಕದ ಶಿವಪುರದಲ್ಲಿರುವ ತಾಯಿಯೊಬ್ಬಳು ಬೆಂಗಳೂರಿನಲ್ಲಿರುವ ಮಗನೊಡನೆ ಮಾತನಾಡಬಯಸಿದಾಗ ಈ ಧರ್ಮದಿಂದ ಪ್ರಯೋಜನವಿಲ್ಲ. ಅವಳ ಮಾತು ಒಬ್ಬನಿಗೇ ಹೋಗಬೇಕು, ಅವನ ಉತ್ತರ ಅವಳೊಬ್ಬಳಿಗೇ ಬರಬೇಕು. ಇಂತಹ ಮಾತಿಗೆ ದಾರಿಯನ್ನು ಹೇಗೆ ಕಲ್ಪಿಸುವುದು? ಶಿವಪುರದಲ್ಲಿ ನೂರು ಮನೆಗಳಿಗೆ ದೂರವಾಣಿಯಿದೆಯೆಂದು ಭಾವಿಸಿ, ಪ್ರತಿಯೊಂದು ಮನೆಯಿಂದ ಉಳಿದ ಪ್ರತಿಯೊಂದು ಮನೆಗೂ ಪ್ರತ್ಯೇಕವಾದ ತಂತಿಯನ್ನು ಎಳೆಯಹೊರಟರೆ 4,950 ತಂತಿಗಳು ಬೇಕು. ಮನೆಗಳು ಸಾವಿರವಾದರೆ 4,99,500. ಮನೆ ಹತ್ತು ಪಟ್ಟಾದರೆ ತಂತಿ ನೂರು ಪಟ್ಟಾಗುವ ಈ ಲೆಕ್ಕವನ್ನು ಯಾವ ಬೊಕ್ಕಸವೂ ತಾಳಲಾರದು. ಆದುದರಿಂದ ಪ್ರತಿಯೊಂದು ಮನೆಯಿಂದಲೂ ಒಂದೊಂದೇ ತಂತಿಯನ್ನು ಊರ ನಡುವಿನ ಒಂದು ಕೊಠಡಿಗೆ ತಂದು, ಅಲ್ಲಿ ಬೇಕಾದಾಗ ಬೇಕಾದವರನ್ನು ಬೇಕಾದವರೊಡನೆ ಜೋಡಿಸುವ ಏರ್ಪಾಡನ್ನು ಮಾಡಿದರು. ಆ ಕೊಠಡಿಯೇ ಎಕ್ಸ್‌ಚೇಂಜು. ಆ ಜೋಡಣೆಯ ಕೆಲಸವೇ ಸ್ವಿಚಿಂಗ್.

ಈ ಏರ್ಪಾಡಿನಿಂದ ತಂತಿ ಉಳಿಯಿತು; ಆದರೆ ದಾರಿಗಳೆಲ್ಲ ಕೂಡಿ ಕವಲೊಡೆಯುವ ಆ ಕೊಠಡಿ ಹುಟ್ಟಿದ ಗಳಿಗೆಯಲ್ಲಿಯೇ ಒಂದು ಅಧಿಕಾರವೂ ಹುಟ್ಟಿತು. ಯಾರ ಮಾತನ್ನು ಮೊದಲು ಬಿಡಬೇಕು, ಯಾರನ್ನು ಕಾಯಿಸಬೇಕು, ಯಾರಿಗೆ ದಾರಿಯಿಲ್ಲವೆನ್ನಬೇಕು ಎಂಬ ನಿರ್ಣಯ ಕವಲಿನಲ್ಲಿ ಕುಳಿತವರ ಕೈಗೆ ಬಂದಿತು. ಸ್ವಿಚಿಂಗ್ ವಿಧಾನಗಳ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯೆಂದು ಓದುವವರು ಬಹಳ ಮಂದಿ. ಅದನ್ನು ಆ ಅಧಿಕಾರದ ಚರಿತ್ರೆಯೆಂದು ಓದಿದರೆ ಅದರ ಸ್ವಾರಸ್ಯ ಇನ್ನೂ ಚೆನ್ನಾಗಿ ತಿಳಿಯುವುದೆಂಬುದು ನನ್ನ ಇಂದಿನ ನಿವೇದನೆ.

ಮೊದಮೊದಲು ಆ ಕೊಠಡಿಯಲ್ಲಿದ್ದವರು ಮನುಷ್ಯರೇ. ಮರದ ಹಲಗೆಯ ತುಂಬ ಸಾಲುಸಾಲಾಗಿ ರಂಧ್ರಗಳು, ಒಂದೊಂದು ರಂಧ್ರಕ್ಕೆ ಒಂದೊಂದು ಮನೆಯ ನಂಬರು. ಅದರ ಮುಂದೆ ಕಿವಿಗೆ ಕೇಳುಬಿಲ್ಲೆಯನ್ನು ಕಟ್ಟಿಕೊಂಡ ಆಪರೇಟರು. ಮನೆಯಲ್ಲಿ ಯಾರಾದರೂ ದೂರವಾಣಿಯ ಹಿಡಿಯನ್ನು ತಿರುವಿದರೆ ಹಲಗೆಯ ಮೇಲೆ ಆ ನಂಬರಿನ ಪುಟ್ಟ ರೆಪ್ಪೆ ಕಳಚಿ ಬೀಳುತ್ತಿತ್ತು. ಆಪರೇಟರು ಹುರಿಯ ಒಂದು ತುದಿಯನ್ನು ಆ ರಂಧ್ರಕ್ಕೆ ಸಿಕ್ಕಿಸಿ ‘ಯಾವ ನಂಬರು?’ ಎಂದು ಕೇಳಿ, ಇನ್ನೊಂದು ತುದಿಯನ್ನು ಕೇಳಿದ ನಂಬರಿನ ರಂಧ್ರಕ್ಕೆ ಸಿಕ್ಕಿಸಿ, ಗಂಟೆ ಬಾರಿಸುತ್ತಿದ್ದರು. ಆ ಕ್ಷಣದಿಂದ, ಇಬ್ಬರಲ್ಲಿ ಒಬ್ಬರು ಮಾತು ಮುಗಿಸಿ ಕೆಳಗಿಡುವವರೆಗೆ, ಆ ಹುರಿಯೂ ಆ ಎರಡು ತಂತಿಗಳೂ ಅವರಿಬ್ಬರಿಗೇ ಮೀಸಲು. ಅವರು ಮಾತನಾಡಲಿ, ಸುಮ್ಮನಿರಲಿ, ಒಬ್ಬರು ಮನೆಯ ಬೇರೆಯವರನ್ನು ಕರೆತರಲೆಂದು ಹಿತ್ತಿಲಿಗೆ ಹೋಗಲಿ, ಮೂರನೆಯವರಿಗೆ ಅಲ್ಲಿ ಪ್ರವೇಶವಿಲ್ಲ. ಇದಕ್ಕೆ ಸರ್ಕ್ಯೂಟ್ ಸ್ವಿಚಿಂಗ್ ಎಂದು ಹೆಸರು. ಮಾತಿಗಿಂತ ಮೊದಲು ದಾರಿ ಸಿದ್ಧವಾಗಬೇಕು, ಮಾತು ಮುಗಿಯುವವರೆಗೆ ದಾರಿ ಬಿಡಬಾರದು ಎಂಬುದೇ ಇದರ ಲಕ್ಷಣ.

ಮದ್ದೂರಿನ ರೈಲುನಿಲ್ದಾಣವನ್ನು ಬಲ್ಲ ಹಿರಿಯರಿಗೆ ಇದನ್ನು ತಿಳಿಯಲು ಕಷ್ಟವಿಲ್ಲ. ಬೆಂಗಳೂರಿಗೂ ಮೈಸೂರಿಗೂ ನಡುವೆ ಬಹುಕಾಲ ಒಂಟಿ ಹಳಿಯಿದ್ದಾಗ, ಬೆತ್ತದ ಬಳೆಗೆ ಕಟ್ಟಿದ ಟೋಕನ್ ಚಾಲಕನ ಕೈಗೆ ಬಂದ ಹೊರತು ಗಾಡಿ ಮುಂದಿನ ನಿಲ್ದಾಣದ ಕಡೆಗೆ ಹೊರಡುವಂತಿರಲಿಲ್ಲ. ಅದನ್ನು ಆಚೆಯ ಮಾಸ್ತರರಿಗೆ ಒಪ್ಪಿಸುವವರೆಗೆ ಆ ಹಳಿಯ ಮೇಲೆ ಇನ್ನೊಂದು ಗಾಡಿ ಕಾಲಿಡುವಂತಿರಲಿಲ್ಲ. ಅಪಘಾತವಿಲ್ಲ, ಅನಿಶ್ಚಯವಿಲ್ಲ; ಹಳಿ ಮಾತ್ರ ಬಹುಹೊತ್ತು ಬರಿದು. ಸರ್ಕ್ಯೂಟ್ ವಿಧಾನದ ಗುಣವೂ ದೋಷವೂ ಹೀಗೆ ಒಂದೇ ಬೇರಿನಿಂದ ಹುಟ್ಟಿದವು.

ದೂರದೂರಿನ ಕರೆಯಾದರೆ ಈ ದೋಷ ಎದ್ದು ಕಾಣುತ್ತಿತ್ತು. ಮದ್ದೂರು ಮಂಡ್ಯಗಳಿಂದ ಬೆಂಗಳೂರಿಗಿದ್ದ ತಂತಿಗಳು ಬೆರಳೆಣಿಕೆಯವು, ಮಾತನಾಡಬೇಕಾದವರು ಅನೇಕರು. ಬೆಲ್ಲದ ಮಂಡಿಯ ಸಾಹುಕಾರರು ಬೆಳಗ್ಗೆ ಟ್ರಂಕ್ ಕಾಲ್ ಬುಕ್ ಮಾಡಿ ದೂರವಾಣಿಯ ಬಳಿಯಲ್ಲಿಯೇ ತಿಂಡಿ ತರಿಸಿಕೊಳ್ಳುತ್ತಿದ್ದ ಕಾಲವನ್ನು ನೆನೆಯಬಲ್ಲವರು ಇನ್ನೂ ಇದ್ದಾರೆ. ‘ಏನ್ ತಾಯಿ, ಬೆಂಗ್ಳೂರು ಲೈನು ಸಿಕ್ತಾ?’ ಎಂದು ಇವರು. ‘ಇನ್ನೂ ಇಲ್ಲ ಕಣ್ರೀ ಸಾವ್ಕಾರ್ರೆ, ನಿಮ್ಗಿಂತ ಮುಂಚೆ ಇನ್ನೂ ಮೂರು ಕಾಲ್ ಅವೆ’ ಎಂದು ಆ ಕಡೆಯಿಂದ. ಬೆಲ್ಲದ ಧಾರಣೆ ಇಳಿಯುವುದಕ್ಕೆ ಅಷ್ಟು ಹೊತ್ತು ಸಾಕು. ಅವಸರವಿದ್ದವರಿಗೆ ‘ಅರ್ಜೆಂಟ್’ ಎಂಬ ದರವೂ, ಅದಕ್ಕಿಂತ ಅವಸರವಿದ್ದವರಿಗೆ ‘ಲೈಟ್‌ನಿಂಗ್’ ಎಂಬ, ಸಾಮಾನ್ಯ ದರದ ಹಲವು ಪಟ್ಟಿನ ದರವೂ ಇದ್ದವು. ಹಣ ಕೊಟ್ಟವನಿಗೆ ಸಾಲಿನಲ್ಲಿ ಮುಂದಿನ ಸ್ಥಾನವೆಂಬುದು ಬಹಿರಂಗವಾದ ನಿಯಮ. ಪರಿಚಿತನಿಗೆ ಇನ್ನೂ ಮುಂದಿನ ಸ್ಥಾನವೆಂಬುದು ಎಲ್ಲಿಯೂ ಬರೆದಿಡದ, ಎಲ್ಲರೂ ಬಲ್ಲ ನಿಯಮ.

ಈ ಎರಡನೆಯ ನಿಯಮವನ್ನು ಮುರಿಯಬೇಕೆಂಬ ಛಲದಿಂದಲೇ ಯಂತ್ರ ಹುಟ್ಟಿತೆಂದು ಪ್ರಸಿದ್ಧವಾದ ಒಂದು ಕಥೆಯುಂಟು. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬಾತ ಶವಸಂಸ್ಕಾರದ ಏರ್ಪಾಡುಗಳನ್ನು ಮಾಡಿಕೊಡುವ ವೃತ್ತಿಯವನು. ಊರಿನ ಎಕ್ಸ್‌ಚೇಂಜಿನ ಆಪರೇಟರು ಅವನ ಪ್ರತಿಸ್ಪರ್ಧಿಗೆ ಬೇಕಾದವಳಾಗಿದ್ದು, ಸಾವಿನ ಮನೆಯಿಂದ ಬಂದ ಕರೆಗಳನ್ನೆಲ್ಲ ಅತ್ತಲೇ ತಿರುಗಿಸುತ್ತಿದ್ದಳೆಂದೂ, ಅದರಿಂದ ಕೆರಳಿದ ಸ್ಟ್ರೌಜರ್ ಆಪರೇಟರಿನ ಅಗತ್ಯವೇ ಇಲ್ಲದ ಯಂತ್ರವನ್ನು ಕಲ್ಪಿಸಿದನೆಂದೂ ಹೇಳುತ್ತಾರೆ. ಕಥೆಯಲ್ಲಿ ಎಷ್ಟು ಸತ್ಯವೋ ತಿಳಿಯದು; ಆದರೆ 1891ರಲ್ಲಿ ಅವನಿಗೆ ಪೇಟೆಂಟ್ ದೊರೆತುದೂ ಮರುವರ್ಷ ಇಂಡಿಯಾನಾ ಸಂಸ್ಥಾನದ ಲಾ ಪೋರ್ಟ್ ಎಂಬ ಊರಿನಲ್ಲಿ ಅಂತಹ ಎಕ್ಸ್‌ಚೇಂಜು ತೆರೆದುದೂ ಚರಿತ್ರೆಯ ಸಂಗತಿಗಳು.

ಆ ಯಂತ್ರದ ನಡೆ ನೋಡತಕ್ಕದ್ದು. ದೂರವಾಣಿಯ ಡಯಲಿನಲ್ಲಿ 4ರ ರಂಧ್ರಕ್ಕೆ ಬೆರಳಿಟ್ಟು ತಿರುವಿ ಬಿಟ್ಟರೆ, ಚಕ್ರ ಹಿಂತಿರುಗುವಾಗ ತಂತಿಯ ವಿದ್ಯುತ್ತು ನಾಲ್ಕು ಸಲ ಕಡಿದು ಕೂಡುವುದು. ಎಕ್ಸ್‌ಚೇಂಜಿನಲ್ಲಿ ನಿಂತ ಒಂದು ಉಕ್ಕಿನ ಸಲಾಕೆ ಒಂದೊಂದು ಕಡಿತಕ್ಕೂ ಒಂದೊಂದು ಮೆಟ್ಟಿಲು ಮೇಲೇರಿ ನಾಲ್ಕನೆಯ ಮೆಟ್ಟಿಲಿನಲ್ಲಿ ನಿಲ್ಲುವುದು. ಬಳಿಕ 7ನ್ನು ತಿರುವಿದರೆ ಅದೇ ಸಲಾಕೆ ಅದೇ ಎತ್ತರದಲ್ಲಿ ಏಳು ಹೆಜ್ಜೆ ಪಕ್ಕಕ್ಕೆ ತಿರುಗಿ ನಲವತ್ತೇಳನೆಯ ತಂತಿಯನ್ನು ಮುಟ್ಟುವುದು. ಹತ್ತು ಮೆಟ್ಟಿಲು, ಮೆಟ್ಟಿಲಿಗೆ ಹತ್ತು ಹೆಜ್ಜೆ, ಒಟ್ಟು ನೂರು ಮನೆ. ಸಾವಿರ, ಹತ್ತು ಸಾವಿರ ಬೇಕಾದರೆ ಇಂತಹ ಸಲಾಕೆಗಳ ಪಂಕ್ತಿಯ ಮುಂದೆ ಪಂಕ್ತಿ. ಕರೆಯುವವನು ಯಾರು, ಅವನ ಅಂತಸ್ತೇನು ಎಂಬುದನ್ನು ಸಲಾಕೆ ಕೇಳುವುದಿಲ್ಲ. ಅದು ಎಣಿಸುತ್ತದೆ, ಅಷ್ಟೆ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನ ಕೃಷ್ಣರಾಜಪುರದ ಬಳಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಸ್ಥಾಪಿತವಾದಾಗ ಅಲ್ಲಿ ತಯಾರಾದುದು ಈ ಸ್ಟ್ರೌಜರ್ ಜಾತಿಯ ಯಂತ್ರಗಳೇ. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂಬ ಹೆಸರು ಇಂದಿಗೂ ಇದೆ. 1960ರಲ್ಲಿ ಲಖನೌ ಕಾನ್ಪುರಗಳ ನಡುವೆ, ಆಪರೇಟರಿನ ನೆರವಿಲ್ಲದೆ ಊರಿನಿಂದ ಊರಿಗೆ ತಾವೇ ನಂಬರು ತಿರುವಿ ಮಾತನಾಡುವ ಎಸ್‌ಟಿಡಿ ಸೌಕರ್ಯ ಈ ದೇಶದಲ್ಲಿ ಮೊದಲಾಯಿತು.

ಆದರೆ ಯಂತ್ರವು ನಿಷ್ಪಕ್ಷಪಾತಿಯಾದ ಮಾತ್ರಕ್ಕೆ ಎಲ್ಲರಿಗೂ ದಾರಿ ದೊರಕಿತೆಂದು ತಿಳಿಯಲಾಗದು. ಎಷ್ಟು ಮಂದಿಗೆ ಎಷ್ಟು ತಂತಿ ಸಾಕೆಂಬುದನ್ನು ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1909ರಿಂದ ಮೊದಲುಗೊಂಡು ಲೆಕ್ಕ ಹಾಕಿ ತೋರಿಸಿದ್ದನು. ಎಲ್ಲರೂ ಒಂದೇ ಗಳಿಗೆಯಲ್ಲಿ ಮಾತನಾಡುವುದಿಲ್ಲವಾದುದರಿಂದ ಎಲ್ಲರಿಗೂ ಬೇಕಾದಷ್ಟು ತಂತಿಗಳನ್ನು ಹಾಕಬೇಕಾಗಿಲ್ಲ; ನೂರು ಕರೆಗಳಲ್ಲಿ ಒಂದೋ ಎರಡೋ ವಿಫಲವಾದರೆ ಸಹಿಸಿಕೊಳ್ಳಬಹುದೆಂದು ಒಪ್ಪಿದರೆ ಖರ್ಚು ಬಹಳ ಇಳಿಯುವುದು. ಹಬ್ಬದ ದಿನ ‘ಈ ಮಾರ್ಗದ ಎಲ್ಲ ಸಾಲುಗಳೂ ಕಾರ್ಯನಿರತವಾಗಿವೆ’ ಎಂಬ ಧ್ವನಿ ಕೇಳಿಸಿದರೆ, ಅದು ಯಂತ್ರದ ಕೇಡಲ್ಲ, ಮೊದಲೇ ಮಾಡಿಟ್ಟ ಲೆಕ್ಕದ ಫಲ. ಮತ್ತು ಆ ಲೆಕ್ಕದಲ್ಲಿ ಹಳ್ಳಿಯ ಪಾಲು ಬಹುಕಾಲ ಸೊನ್ನೆಗೆ ಸಮೀಪವಾಗಿತ್ತು.

ಈ ಲೆಕ್ಕವನ್ನು ತಿದ್ದಿದ ಒಂದು ಘಟನೆ ಕನ್ನಡನಾಡಿನಲ್ಲಿಯೇ ನಡೆಯಿತು. ವಿದೇಶದ ದೊಡ್ಡ ಎಕ್ಸ್‌ಚೇಂಜುಗಳು ಹವಾನಿಯಂತ್ರಿತ ಕೊಠಡಿಯನ್ನು ಬೇಡುತ್ತಿದ್ದವು. ವಿದ್ಯುತ್ತು ಹೋಗುತ್ತ ಬರುತ್ತ ಇರುವ, ಬೇಸಗೆಯಲ್ಲಿ ಧೂಳು ತುಂಬುವ ನಮ್ಮ ಊರುಗಳಿಗೆ ಅವು ಒಗ್ಗುವಂತಿರಲಿಲ್ಲ. 1984ರಲ್ಲಿ ಕೇಂದ್ರ ಸರಕಾರ ಸ್ಥಾಪಿಸಿದ, ಸ್ಯಾಮ್ ಪಿತ್ರೋಡಾ ಅವರು ಮುಂದೆ ನಿಂತು ಬೆಳೆಸಿದ ಸಿ-ಡಾಟ್ ಸಂಸ್ಥೆಯ ಎಂಜಿನಿಯರುಗಳು ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಕುಳಿತು, ಹವಾನಿಯಂತ್ರಣವಿಲ್ಲದೆ ಸಾಧಾರಣ ಕೊಠಡಿಯಲ್ಲಿ ದುಡಿಯಬಲ್ಲ, 128 ತುದಿಗಳ ಒಂದು ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿದರು. ಅದರ ಮೊದಲ ಯಂತ್ರ 1986ರ ಜುಲೈಯಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕೆಲಸಕ್ಕೆ ನಿಂತಿತು. ಅದರೊಳಗೆ ಉಕ್ಕಿನ ಸಲಾಕೆಗಳಿರಲಿಲ್ಲ. ಮಾತನ್ನು ಸೆಕೆಂಡಿಗೆ 8,000 ಸಲ ಅಳೆದು, ಒಂದೊಂದು ಅಳತೆಯನ್ನೂ ಎಂಟು ಬಿಟ್‌ಗಳ ಅಂಕಿಯಾಗಿಸಿದರೆ ಸೆಕೆಂಡಿಗೆ 64,000 ಬಿಟ್‌ಗಳ ಒಂದು ಪ್ರವಾಹವಾಗುವುದು. ಅಂತಹ ಅನೇಕ ಪ್ರವಾಹಗಳನ್ನು ಒಂದೇ ತಂತಿಯ ಮೇಲೆ ಸರದಿಯ ಪ್ರಕಾರ ಇರಿಸಿ, ಒಬ್ಬನ ಸರದಿಯ ಅಂಕಿಯನ್ನು ಇನ್ನೊಬ್ಬನ ಸರದಿಗೆ ಎತ್ತಿಡುವುದೇ ಈಗ ಜೋಡಣೆಯಾಯಿತು. ಹುರಿ ಹೋಗಿ ಸಲಾಕೆ ಬಂದಿತ್ತು, ಸಲಾಕೆ ಹೋಗಿ ಕಾಲದ ಸರದಿ ಬಂದಿತು. ಆದರೂ ಧರ್ಮ ಹಳೆಯದೇ. ಸರದಿ ಒಬ್ಬನಿಗೆ ಮೀಸಲಾದರೆ, ಅವನು ಮೌನವಾಗಿದ್ದರೂ ಅದು ಅವನದೇ.

ಇನ್ನು ಸ್ವಿಚಿಂಗಿನ ಎರಡನೆಯ ವಿಧಾನ. ಇದು ದೂರವಾಣಿಗಿಂತ ಹಳೆಯದು. ತಂತಿ ಕಚೇರಿಯಲ್ಲಿ ಬೆಳೆದದ್ದು. ತಂತಿ ಸಂದೇಶ ಕೊಡುವವನಿಗೆ ಬೆಂಗಳೂರಿನವರೆಗೆ ದಾರಿ ತೆರವಾಗುವವರೆಗೆ ಕಾಯಬೇಕಾದ ಅಗತ್ಯವಿರಲಿಲ್ಲ. ಅವನು ಫಾರಂ ತುಂಬಿ, ಪದಗಳನ್ನು ಎಣಿಸಿ, ಹಣ ಕಟ್ಟಿ ಮನೆಗೆ ಹೋಗಬಹುದಾಗಿತ್ತು. ಅಂಚೆ ಕಚೇರಿಯ ಗುಮಾಸ್ತರು ಮುಂದಿನ ಹಂತದ ತಂತಿ ಬಿಡುವಾದಾಗ ಅದನ್ನು ಮೋರ್ಸ್ ಸಂಕೇತದಲ್ಲಿ ಕಳುಹಿಸುತ್ತಿದ್ದರು. ಅಲ್ಲಿಯವರು ಪೂರ್ಣವಾಗಿ ಬರೆದುಕೊಂಡು, ಅಲ್ಲಿಂದ ಮುಂದಿನ ತಂತಿ ಬಿಡುವಾಗುವವರೆಗೆ ಇಟ್ಟುಕೊಂಡು, ಮತ್ತೆ ಕಳುಹಿಸುತ್ತಿದ್ದರು. ಇಟ್ಟುಕೊಂಡು ಕಳುಹಿಸುವ ಈ ಕ್ರಮಕ್ಕೆ ಮೆಸೇಜ್ ಸ್ವಿಚಿಂಗ್ ಎನ್ನುತ್ತಾರೆ. ಟೆಲಿಪ್ರಿಂಟರು ಬಂದ ಮೇಲೆ ದೊಡ್ಡ ಕೇಂದ್ರಗಳಲ್ಲಿ ಒಳಬಂದ ಸಂದೇಶ ಕಾಗದದ ಪಟ್ಟಿಯ ಮೇಲೆ ರಂಧ್ರರಂಧ್ರವಾಗಿ ಮೂಡುತ್ತಿತ್ತು. ಸಿಬ್ಬಂದಿ ಆ ಪಟ್ಟಿಯನ್ನು ಹರಿದು, ಕೊಠಡಿಯ ಆಚೆಯ ಮೂಲೆಗೆ ಒಯ್ದು, ಹೊರಹೋಗುವ ಯಂತ್ರದ ಬಾಯಿಗೆ ಕೊಡುತ್ತಿದ್ದರು. ಮನುಷ್ಯನ ಕಾಲುಗಳೇ ಅಲ್ಲಿ ಸ್ವಿಚ್ಚು.

ಇಲ್ಲಿ ಸಂದೇಶ ಕಾದಿರುವಾಗ ದಾರಿ ಬರಿದಾಗಿರುತ್ತಿರಲಿಲ್ಲ. ಒಂದು ಸಂದೇಶ ಮುಗಿದೊಡನೆ ಇನ್ನೊಂದು. ಮದುವೆಯ ಲಗ್ನಗಳು ಬಿದ್ದ ದಿನ ಶುಭಾಶಯಗಳ ರಾಶಿ ಬಂದರೆ, ವಾಕ್ಯಕ್ಕೆ ಬದಲಾಗಿ ಮುದ್ರಿತ ಪಟ್ಟಿಯಲ್ಲಿನ ಅದರ ಸಂಖ್ಯೆಯನ್ನಷ್ಟೇ ಕಳುಹಿಸಿ, ಆಚೆಯ ಕಚೇರಿಯಲ್ಲಿ ಆ ಸಂಖ್ಯೆಯ ವಾಕ್ಯವನ್ನು ಬರೆದುಕೊಡುವ ಜಾಣತನವೂ ಇತ್ತು. ತಂತಿಯಲ್ಲಿ ಸಾಗಿದುದು ಒಂದು ಅಂಕಿ, ವಧೂವರರ ಕೈಗೆ ಬಂದುದು ಪೂರ್ಣ ಆಶೀರ್ವಾದ. ಆದರೆ ಸಂದೇಶವನ್ನು ಇಟ್ಟುಕೊಳ್ಳುವವನು ಅದನ್ನು ಓದಬಲ್ಲನು, ತಡೆಯಲೂ ಬಲ್ಲನು. 1885ರ ಟೆಲಿಗ್ರಾಫ್ ಶಾಸನದ ಐದನೆಯ ಪ್ರಕರಣ, ಸಾರ್ವಜನಿಕ ತುರ್ತಿನ ಹೆಸರಿನಲ್ಲಿ ಸಂದೇಶಗಳನ್ನು ನಡುವೆ ಹಿಡಿಯುವ, ಮುಂದೆ ಹೋಗದಂತೆ ನಿಲ್ಲಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತುಹೋಯಿತು. ಆ ಅಧಿಕಾರ ತಂತಿಯೊಡನೆ ನಿಂತುಹೋಗಲಿಲ್ಲ. ಇದನ್ನು ಮುಂದೆ ನೋಡೋಣ.

ಮೂರನೆಯದು ಇಂದು ಜಗತ್ತನ್ನು ಆಳುತ್ತಿರುವ ಪ್ಯಾಕೆಟ್ ಸ್ವಿಚಿಂಗ್. ಇದರ ಬೀಜ ಒಂದು ಸರಳವಾದ ಗಣಿತದಲ್ಲಿದೆ. ಕೇಳುಗರು ನನ್ನೊಡನೆ ಎರಡು ನಿಮಿಷ ಎಣಿಸಬೇಕು. ಮದ್ದೂರಿನಿಂದ ಹತ್ತು ಪುಟಗಳ ಒಂದು ಬರಹ ಮಡಿಕೇರಿಗೆ ಹೋಗಬೇಕು. ದಾರಿಯಲ್ಲಿ ಮಂಡ್ಯ ಮತ್ತು ಮೈಸೂರು, ಎಂದರೆ ಒಟ್ಟು ಮೂರು ಹಂತ. ಒಂದು ಪುಟ ಒಂದು ಹಂತವನ್ನು ದಾಟಲು ಒಂದು ನಿಮಿಷವೆಂದು ಇಟ್ಟುಕೊಳ್ಳೋಣ. ತಂತಿ ಕಚೇರಿಯ ಕ್ರಮದಂತೆ ಮಂಡ್ಯದವರು ಹತ್ತೂ ಪುಟ ಬರುವವರೆಗೆ ಕಾದು, ಆಮೇಲೆ ಮೈಸೂರಿಗೆ ಕಳುಹಿಸಿದರೆ, ಹಂತಕ್ಕೆ ಹತ್ತರಂತೆ ಮೂವತ್ತು ನಿಮಿಷ. ಹಾಗಲ್ಲದೆ, ಬಂದ ಪುಟವನ್ನು ಬಂದಂತೆಯೇ ಮುಂದಕ್ಕೆ ದಾಟಿಸಿದರೆ ಹೇಗೆ? ಎರಡನೆಯ ಪುಟ ಮಂಡ್ಯಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮೈಸೂರಿನಲ್ಲಿರುತ್ತದೆ; ಮೂರನೆಯ ನಿಮಿಷದ ಕೊನೆಗೆ ಅದು ಮಡಿಕೇರಿಯಲ್ಲಿ; ಅಲ್ಲಿಂದಾಚೆಗೆ ನಿಮಿಷಕ್ಕೊಂದರಂತೆ ಉಳಿದ ಒಂಬತ್ತು. ಒಟ್ಟು ಹನ್ನೆರಡೇ ನಿಮಿಷ. ತಂತಿ ಅದೇ, ವೇಗ ಅದೇ, ಬರಹ ಅದೇ. ಒಡೆದು ಕಳುಹಿಸಿದುದೊಂದರಿಂದಲೇ ಹದಿನೆಂಟು ನಿಮಿಷ ಉಳಿಯಿತು. ಅಲ್ಲದೆ ನಡುವೆ ಇನ್ನೊಬ್ಬನ ಒಂದು ಪುಟದ ಪತ್ರ ಬಂದರೆ, ಅದು ಹತ್ತು ಪುಟವೂ ಮುಗಿಯಲೆಂದು ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ. ಎರಡು ಪುಟಗಳ ನಡುವೆ ತೂರಿಕೊಂಡು ಹೋಗಬಹುದು. ಬಡವನ ಚಿಕ್ಕ ಮಾತು ಧನಿಕನ ದೊಡ್ಡ ಗ್ರಂಥದ ಹಿಂದೆ ಸಿಕ್ಕಿಬೀಳದಿರುವ ಮೊದಲ ಏರ್ಪಾಡು ಇದು.

ಒಡೆದ ಮೇಲೆ ಕೂಡಿಸಬೇಕಷ್ಟೆ. ಆದುದರಿಂದ ಒಂದೊಂದು ತುಣುಕಿನ ತಲೆಯ ಮೇಲೂ ಕಳುಹಿಸಿದವನ ವಿಳಾಸ, ಪಡೆಯುವವನ ವಿಳಾಸ, ಎಷ್ಟನೆಯ ತುಣುಕೆಂಬ ಕ್ರಮಸಂಖ್ಯೆ, ದಾರಿಯಲ್ಲಿ ಕೆಟ್ಟಿತೆ ಎಂದು ಪರೀಕ್ಷಿಸಲು ಒಂದು ಮೊತ್ತ, ಇವುಗಳನ್ನು ಬರೆಯುತ್ತಾರೆ. ಹೀಗೆ ತಲೆಬರಹ ಹೊತ್ತ ತುಣುಕೇ ಪ್ಯಾಕೆಟ್. ಕವಲುಗಳಲ್ಲಿರುವ ರೌಟರ್ ಎಂಬ ಯಂತ್ರ ಅದರ ವಿಳಾಸವನ್ನು ಮಾತ್ರ ಓದಿ, ತನ್ನಲ್ಲಿರುವ ದಾರಿಗಳ ಪಟ್ಟಿಯನ್ನು ನೋಡಿ, ಆಗ ಯೋಗ್ಯವೆನಿಸಿದ ಕಡೆಗೆ ನೂಕುತ್ತದೆ. ಒಂದೇ ಬರಹದ ತುಣುಕುಗಳು ಬೇರೆ ಬೇರೆ ದಾರಿಗಳಲ್ಲಿ ಹೋಗಬಹುದು, ಹಿಂದುಮುಂದಾಗಿ ತಲುಪಬಹುದು; ಕ್ರಮಸಂಖ್ಯೆಯನ್ನು ನೋಡಿ ಜೋಡಿಸಿಕೊಳ್ಳುವ, ಬಾರದುದನ್ನು ಮತ್ತೆ ಕೇಳಿ ತರಿಸಿಕೊಳ್ಳುವ ಹೊಣೆ ಕೊನೆಯಲ್ಲಿ ಕುಳಿತ ಕಂಪ್ಯೂಟರಿನದು. ಬುದ್ಧಿ ತುದಿಗಳಲ್ಲಿರಲಿ, ಕವಲು ಬರಿಯ ದಾರಿ ತೋರಿಸಲಿ ಎಂಬುದು ಇದರ ತತ್ತ್ವ.

ಈ ತತ್ತ್ವವನ್ನು 1960ರ ದಶಕದಲ್ಲಿ ಇಬ್ಬರು, ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಯದೆ, ಕಂಡುಕೊಂಡರು. ಅಮೆರಿಕದ ರ್‍ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬ್ಯಾರನ್ ಅವರ ಚಿಂತೆ ಅಣುಯುದ್ಧ: ಕೇಂದ್ರದ ಎಕ್ಸ್‌ಚೇಂಜಿನ ಮೇಲೆ ಒಂದು ಬಾಂಬು ಬಿದ್ದರೆ ದೇಶದ ಮಾತೆಲ್ಲ ನಿಲ್ಲುವುದಲ್ಲ ಎಂಬುದು. ಕೇಂದ್ರವೇ ಇಲ್ಲದ, ಬಲೆಯಂತೆ ಹೆಣೆದ, ಕೆಲವು ಗಂಟುಗಳು ಕಳಚಿದರೂ ಉಳಿದವುಗಳ ಮೂಲಕ ಮಾತು ಸುತ್ತಿ ಬಳಸಿ ಸಾಗುವ ಜಾಲವನ್ನು ಅವರು 1964ರಲ್ಲಿ ವಿವರಿಸಿದರು. ಆ ದೇಶದ ದೂರವಾಣಿಯ ಏಕಸ್ವಾಮ್ಯವನ್ನು ಹೊಂದಿದ್ದ ಎ.ಟಿ. ಅಂಡ್ ಟಿ. ಕಂಪನಿ ಅದನ್ನು ಒಪ್ಪಲಿಲ್ಲ. ಮೀಸಲು ದಾರಿಯಲ್ಲಿಯೇ ಬಾಳಿದವರಿಗೆ ದಾರಿಯನ್ನು ಮೀಸಲಿಡದೆ ಮಾತು ಸಾಗೀತೆಂದು ನಂಬುವುದು ಕಷ್ಟವಾಯಿತು. ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಡೊನಾಲ್ಡ್ ಡೇವಿಸ್ ಅವರ ಚಿಂತೆ ಬೇರೆ: ಕಂಪ್ಯೂಟರಿನ ಮುಂದೆ ಕುಳಿತವನು ಒಂದು ಸಾಲು ಟೈಪ್ ಮಾಡಿ ಬಹುಹೊತ್ತು ಯೋಚಿಸುತ್ತಾನೆ, ಅವನ ಯೋಚನೆಯ ಕಾಲಕ್ಕೆಲ್ಲ ತಂತಿಯ ಬಾಡಿಗೆ ಏಕೆ? ‘ಪ್ಯಾಕೆಟ್’ ಎಂಬ ಹೆಸರನ್ನಿಟ್ಟವರು ಡೇವಿಸರೇ. 1969ರ ಅಕ್ಟೋಬರ್ 29ರಂದು ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸಿನಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ, ಈ ತತ್ತ್ವದಂತೆ ಕಟ್ಟಿದ ಅರ್ಪಾನೆಟ್ ಎಂಬ ಜಾಲದ ಮೊದಲ ಸಂದೇಶ ಹೊರಟಿತು. ‘ಲಾಗಿನ್’ ಎಂಬ ಪದದ ಮೊದಲೆರಡು ಅಕ್ಷರ ತಲುಪುವಷ್ಟರಲ್ಲಿ ಆಚೆಯ ಯಂತ್ರ ಕುಸಿಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಪ್ರಯತ್ನಿಸಿ ಗೆದ್ದರು. ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶಿಕ್ಷಣಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು ಕೇಂದ್ರವಾಗಿತ್ತು. ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತುದು 1995ರ ಆಗಸ್ಟ್ 15ರಂದು.

ಇಷ್ಟು ಹೊಗಳಿದ ಮೇಲೆ ದೋಷವನ್ನೂ ಹೇಳಬೇಕು. ಸರ್ಕ್ಯೂಟಿನಲ್ಲಿ ಜಾಗವಿಲ್ಲದಿದ್ದರೆ ಆರಂಭದಲ್ಲಿಯೇ ‘ಇಲ್ಲ’ ಎಂಬ ಉತ್ತರ ದೊರೆಯುವುದು. ಪ್ಯಾಕೆಟ್ ಜಾಲ ಯಾರಿಗೂ ‘ಇಲ್ಲ’ ಎನ್ನುವುದಿಲ್ಲ, ಎಲ್ಲರನ್ನೂ ಒಳಗೆ ಬಿಟ್ಟುಕೊಂಡು ಸಾಲಿನಲ್ಲಿ ನಿಲ್ಲಿಸುತ್ತದೆ, ಸಾಲು ತುಂಬಿದರೆ ಬಂದುದನ್ನು ಚೆಲ್ಲುತ್ತದೆ. ಚೆಲ್ಲಿದುದನ್ನು ತುದಿಯವರು ಮತ್ತೆ ಕಳುಹಿಸುತ್ತಾರೆ. ಅದರಿಂದ ಸಾಲು ಇನ್ನೂ ಬೆಳೆಯುತ್ತದೆ. ಕಿತ್ತೂರಿನಲ್ಲಿ ಹಳ್ಳಿಯ ಎಕ್ಸ್‌ಚೇಂಜು ತೆರೆದ ಆ 1986ನೆಯ ಇಸವಿಯಲ್ಲಿಯೇ, ಅಕ್ಟೋಬರಿನಲ್ಲಿ, ಅಮೆರಿಕದ ಬರ್ಕ್ಲಿಯಲ್ಲಿ ಒಂದಕ್ಕೊಂದು ನಾನೂರು ಗಜ ದೂರದಲ್ಲಿದ್ದ ಎರಡು ಸಂಸ್ಥೆಗಳ ನಡುವೆ ಸೆಕೆಂಡಿಗೆ 32,000 ಬಿಟ್‌ಗಳಂತೆ ಸಾಗುತ್ತಿದ್ದ ಸಂಚಾರ ಇದ್ದಕ್ಕಿದ್ದಂತೆ 40 ಬಿಟ್‌ಗಳಿಗೆ ಇಳಿಯಿತು. ನಡೆದು ಹೋಗಿ ಹೇಳಿ ಬಂದಿದ್ದರೆ ಬೇಗ ಆಗುತ್ತಿತ್ತು. ಇದರ ಕಾರಣವನ್ನು ಹುಡುಕಿದ ವ್ಯಾನ್ ಜೇಕಬ್ಸನ್ 1988ರಲ್ಲಿ ಸೂಚಿಸಿದ ಮದ್ದು ಒಂದು ಆತ್ಮಸಂಯಮ: ಕಳುಹಿಸುವವನು ಮೊದಲು ಸ್ವಲ್ಪವೇ ಕಳುಹಿಸಲಿ, ತಲುಪಿತೆಂಬ ಉತ್ತರ ಬಂದಂತೆ ಹೆಚ್ಚಿಸಲಿ, ತುಣುಕು ಕಳೆದುಹೋಯಿತೆಂದರೆ ದಾರಿ ಇಕ್ಕಟ್ಟಾಗಿದೆಯೆಂದು ತಿಳಿದು ಕೂಡಲೇ ಕೈ ಬಿಗಿಹಿಡಿಯಲಿ. ಕಾವಲುಗಾರನಿಲ್ಲದ ಕವಲಿನಲ್ಲಿ ಸಂಚಾರ ನಡೆಯುತ್ತಿರುವುದು ತುದಿಯಲ್ಲಿರುವವರ ಈ ಸಂಯಮದಿಂದ.

ಮಾತಿಗೆ ಇದು ಸಾಲದು. ಬರಹ ಅರ್ಧ ಸೆಕೆಂಡು ತಡವಾದರೆ ನಷ್ಟವಿಲ್ಲ, ಒಂದಕ್ಷರವೂ ಕಳೆಯಬಾರದು. ಮಾತಾದರೋ ಒಂದು ಚೂರು ಕಳೆದರೆ ಚಿಂತೆಯಿಲ್ಲ, ತಡವಾಗಬಾರದು. ಆದುದರಿಂದ 4ಜಿ ಬಂದ ಹೊಸದರಲ್ಲಿ ಅನೇಕ ಮೊಬೈಲುಗಳು ಇಂಟರ್‌ನೆಟ್ಟಿಗೆ ಹೊಸ ಜಾಲವನ್ನೂ, ಕರೆ ಬಂದೊಡನೆ ಹಳೆಯ 2ಜಿ ಅಥವಾ 3ಜಿಯ ಸರ್ಕ್ಯೂಟನ್ನೂ ಆಶ್ರಯಿಸುತ್ತಿದ್ದವು. ಕರೆ ಬಂದಾಗ ಫೋನಿನಲ್ಲಿ ನೋಡುತ್ತಿದ್ದ ಚಿತ್ರ ನಿಂತುಹೋಗುತ್ತಿದ್ದುದು ಹಲವರಿಗೆ ನೆನಪಿರಬಹುದು. 4ಜಿ ಜಾಲದಲ್ಲಿ ಸರ್ಕ್ಯೂಟೇ ಇಲ್ಲ. ಈಗ ಅದರಲ್ಲಿ ಮಾತೂ ಪ್ಯಾಕೆಟ್ಟೇ. ಇಂಟರ್‌ನೆಟ್ಟಿನ ಮೂಲಕ ಸಾಗುವ ಮಾತಿನ ಒಂದು ಸಾಮಾನ್ಯ ಕ್ರಮದಲ್ಲಿ, ಸೆಕೆಂಡಿನ ಐವತ್ತನೆಯ ಒಂದು ಪಾಲಿನ ಮಾತಿಗೆ 160 ಬೈಟ್, ಅದರ ತಲೆಬರಹಕ್ಕೆ 40 ಬೈಟ್. ಎಂದರೆ ಹೊರೆಯಲ್ಲಿ ಐದನೆಯ ಒಂದು ಭಾಗ ಬರಿಯ ವಿಳಾಸ. ಮೀಸಲು ದಾರಿಯನ್ನು ಬಿಟ್ಟುದಕ್ಕೆ ತೆರುವ ತೆರಿಗೆ ಅದು. ಮಾತಿನ ಪ್ಯಾಕೆಟ್ಟುಗಳನ್ನು ಸಾಲಿನಲ್ಲಿ ಮುಂದಕ್ಕೆ ಬಿಡಬೇಕೆಂಬ ನಿಯಮವನ್ನೂ ಮೊಬೈಲ್ ಜಾಲಗಳಲ್ಲಿ ಮಾಡಿದ್ದಾರೆ. ನ್ಯಾಯವೇ ಸರಿ, ಆದರೆ ಗಮನಿಸಿ, ಯಾರನ್ನು ಮುಂದೆ ಬಿಡಬೇಕೆಂಬ ಹಳೆಯ ಪ್ರಶ್ನೆ, ಟ್ರಂಕ್ ಕಾಲಿನ ಆಪರೇಟರು ಹೋದ ಮೇಲೂ, ನಿಯಮದ ರೂಪದಲ್ಲಿ ಕವಲಿಗೆ ಹಿಂತಿರುಗಿದೆ.

ಈ ಪ್ರಶ್ನೆ ಶಿವಪುರಕ್ಕೆ ಹೊಸದಲ್ಲ. 1938ರ ಏಪ್ರಿಲ್‌ನಲ್ಲಿ ಶಿಂಷಾ ನದಿಯ ಬಳಿಯ ಈ ಊರಿನಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿದಾಗ, ತ್ರಿವರ್ಣಧ್ವಜವನ್ನು ಹಾರಿಸಕೂಡದೆಂದು ಸಂಸ್ಥಾನದ ಸರಕಾರ ಆಜ್ಞೆ ಹೊರಡಿಸಿತು. ಆಜ್ಞೆ ಮುರಿಯಿತು, ನಾಯಕರು ಸೆರೆಯಾದರು, ಧ್ವಜ ಏರಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರು ನಡೆದ ಮೇಲೆ ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿ, ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಲು ಒಪ್ಪಂದ ಮಾಡಿಕೊಂಡರು. ಶಿವಪುರದವರು ಆಳುವವರನ್ನು ಕೇಳಿದ್ದು ಧ್ವಜದ ಬಟ್ಟೆಯ ವಿಷಯವನ್ನಲ್ಲ. ನಮ್ಮ ಮಾತು ಯಾರ ಅಪ್ಪಣೆಯಿಂದ ಹೊರಡಬೇಕು, ತಡೆಯುವವನು ಯಾರಿಗೆ ಉತ್ತರ ಹೇಳಬೇಕು ಎಂಬುದನ್ನು.

ಇಂದಿನ ಜಾಲದಲ್ಲಿ ಆ ಪ್ರಶ್ನೆಗೆ ಎರಡು ಮುಖಗಳಿವೆ. ಒಂದು ವ್ಯಾಪಾರದ್ದು: ಕಂಪನಿಗಳು ತಮಗೆ ಬೇಕಾದ ತಾಣಗಳನ್ನು ಅಗ್ಗವಾಗಿಯೂ ಉಳಿದವನ್ನು ದುಬಾರಿಯಾಗಿಯೂ ಮಾರಬಹುದೆ? ಕೂಡದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2016ರ ಫೆಬ್ರವರಿ 8ರಂದು ನಿಯಮ ಮಾಡಿತು. ಇನ್ನೊಂದು ಆಡಳಿತದ್ದು: ಹಿಂದೆ ಒಂದು ತಂತಿಯನ್ನು ತಡೆಯುತ್ತಿದ್ದ ಕೈ ಈಗ ಒಂದು ಜಿಲ್ಲೆಯ ಇಂಟರ್‌ನೆಟ್ಟನ್ನೇ ನಿಲ್ಲಿಸಬಲ್ಲದು. ಬ್ಯಾರನ್ನರ ಬಲೆ ಬಾಂಬಿಗೆ ಬಗ್ಗದಿರಬಹುದು. ಕೆಲವೇ ಕಂಪನಿಗಳಿಗೆ ಬರುವ ಒಂದು ಆದೇಶಕ್ಕೆ ಬಗ್ಗುತ್ತದೆ. 2020ರ ಜನವರಿ 10ರಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಇಂತಹ ಆದೇಶಗಳನ್ನು ಪ್ರಕಟಿಸಬೇಕೆಂದೂ, ಅವಧಿಯಿಲ್ಲದೆ ಸಂಪರ್ಕವನ್ನು ನಿಲ್ಲಿಸಕೂಡದೆಂದೂ, ಅವು ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟಿವೆಯೆಂದೂ ಹೇಳಿತು.

ಯಂತ್ರಕ್ಕೆ ಪಕ್ಷಪಾತವಿಲ್ಲವೆಂಬ ಮಾತು ಅರ್ಧಸತ್ಯ. ಯಂತ್ರಕ್ಕೆ ನಿಯಮ ಬರೆದವನಿಗೆ ಅದು ಇರಬಹುದು. ಸಲಾಕೆ ಹೇಗೆ ಏರುತ್ತದೆ, ಪ್ಯಾಕೆಟ್ಟು ಹೇಗೆ ಒಡೆಯುತ್ತದೆ ಎಂಬುದನ್ನು ಎಲ್ಲರೂ ಬಲ್ಲವರಾಗಬೇಕೆಂದು ನಾನು ಹೇಳುವುದಿಲ್ಲ. ಆದರೆ ಕವಲಿನಲ್ಲಿ ನಮ್ಮ ಮಾತಿನ ವಿಳಾಸವನ್ನಲ್ಲದೆ ಬೇರೇನನ್ನಾದರೂ ಓದುತ್ತಿದ್ದಾರೆಯೆ, ಹಾಗೆ ಓದುವ ನಿಯಮವನ್ನು ಎಲ್ಲಿ ಪ್ರಕಟಿಸಿದ್ದಾರೆ, ಅದು ತಪ್ಪೆನಿಸಿದರೆ ಯಾರ ಬಾಗಿಲನ್ನು ತಟ್ಟಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದಕ್ಕೆ ಎಂಜಿನಿಯರಿನ ವಿದ್ಯೆ ಬೇಡ. ಪ್ರಜೆಯಾಗಿದ್ದರೆ ಸಾಕು. ಕೇಳದೆ ಸುಮ್ಮನಿದ್ದರೆ ಎಂತಹ ಉತ್ತಮ ಯಂತ್ರವೂ ಹಳೆಯ ಆಪರೇಟರಿನ ಕುರ್ಚಿಯೇ ಆದೀತು.